ರಕ್ತಹೀನತೆ ಮತ್ತು ಗ್ಲೂಕೋಮೀಟರ್: ಗರ್ಭಿಣಿಯರ ಸಕ್ಕರೆ ತಪಾಸಣೆಯಲ್ಲಿ ಜೈವಿಕ ಸಂವೇದಕದ ಮಿತಿ

ಗರ್ಭಿಣಿಗೆ 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡುತ್ತಾರೆ. ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ ಎಂದು ಲೆಕ್ಕ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಇದಕ್ಕೆ ಗ್ಲೂಕೋಮೀಟರನ್ನು ಒಪ್ಪಿದೆ. ಲ್ಯಾಬ್ ದೂರವಿರುವ ಊರುಗಳಿಗೆ ಇದು ನಿಜವಾದ ಉಪಕಾರ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52ರಷ್ಟು ಮಂದಿಗೆ ರಕ್ತಹೀನತೆಯಿದೆ. ರಕ್ತ ತೆಳುವಾಗಿದ್ದರೆ ಸ್ಟ್ರಿಪ್ ಹೇಳುವ ಅಂಕಿಯೂ ಬದಲಾಗುತ್ತದೆ.

ಸ್ಟ್ರಿಪ್ಪಿನ ಮೂಲ ಕಲ್ಪನೆ 1962ರದು. ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಆಮ್ಲಜನಕ ಅಳೆಯುವ ಎಲೆಕ್ಟ್ರೋಡಿನ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವವನ್ನು ಕೂರಿಸುವ ದಾರಿ ತೋರಿಸಿದರು. ಆಮ್ಲಜನಕದ ಬದಲು ಫೆರೋಸೀನ್ ಸಂಯುಕ್ತ ಎಲೆಕ್ಟ್ರಾನುಗಳನ್ನು ಹೊತ್ತೊಯ್ಯಬಲ್ಲದು ಎಂದು 1984ರಲ್ಲಿ ತಿಳಿದ ಮೇಲೆ ಯಂತ್ರ ಪೆನ್ನಿನ ಗಾತ್ರಕ್ಕೆ ಇಳಿಯಿತು.

ಸ್ಟ್ರಿಪ್ಪಿನ ತುದಿಯನ್ನು ರಕ್ತಕ್ಕೆ ತಾಗಿಸಿದರೆ ಕೂದಲೆಳೆಯಂಥ ಕಾಲುವೆ ಅದನ್ನು ತಾನಾಗಿ ಹೀರಿಕೊಳ್ಳುತ್ತದೆ. ಒಳಗೆ ಕಿಣ್ವವು ಗ್ಲೂಕೋಸಿನಿಂದ ಎಲೆಕ್ಟ್ರಾನ್ ಕಿತ್ತು ವಾಹಕಕ್ಕೆ ಕೊಡುತ್ತದೆ, ವಾಹಕ ಅದನ್ನು ಎಲೆಕ್ಟ್ರೋಡಿಗೆ ಮುಟ್ಟಿಸುತ್ತದೆ. ಹರಿದ ಕರೆಂಟೇ ಸಕ್ಕರೆಯ ಅಳತೆ. ಈ ಓಡಾಟಕ್ಕೆ ಕೆಂಪುರಕ್ತಕಣಗಳು ಅಡ್ಡ ನಿಲ್ಲುತ್ತವೆ. ಕಣಗಳು ಕಡಿಮೆಯಿದ್ದರೆ ದಾರಿ ಸಲೀಸು, ಕರೆಂಟು ಹೆಚ್ಚು. ಹಾಗಾಗಿ ಇರುವುದಕ್ಕಿಂತ ಹೆಚ್ಚಿನ ಸಕ್ಕರೆ ಕಾಣುತ್ತದೆ. ಸಕ್ಕರೆ ಕಾಯಿಲೆಯಿಲ್ಲದವಳಿಗೆ ಕಾಯಿಲೆಯ ಹಣೆಪಟ್ಟಿ ಬೀಳಬಹುದು. ಇನ್ಸುಲಿನ್ ತೆಗೆದುಕೊಳ್ಳುವವಳಲ್ಲಿ ಸಕ್ಕರೆ ತೀರಾ ಇಳಿದಿದ್ದರೂ ಗೊತ್ತಾಗದೇ ಹೋಗಬಹುದು. ಎರಡನೆಯದು ಹೆಚ್ಚು ಭಯದ ಸಂಗತಿ.

ಹೊಸ ಮೀಟರುಗಳಲ್ಲಿ ಕೆಲವು ರಕ್ತದ ವಿದ್ಯುತ್ ಪ್ರತಿರೋಧವನ್ನೂ ಅಳೆದು ಈ ದೋಷವನ್ನು ತಿದ್ದಿಕೊಳ್ಳುತ್ತವೆ, ಎಲ್ಲವೂ ಅಲ್ಲ. ಐಎಸ್‌ಒ 15197ರ 2013ರ ಆವೃತ್ತಿಯಂತೆ, ಸಕ್ಕರೆ 100 ಅಥವಾ ಹೆಚ್ಚಿದ್ದಾಗ ಶೇ. 95ರಷ್ಟು ಅಳತೆಗಳು ಲ್ಯಾಬಿನ ಅಳತೆಯಿಂದ ಶೇ. 15ರ ಒಳಗಿದ್ದರೆ ಸಾಕು. ಅಂದರೆ ನಿಜವಾದ 140, ಮೀಟರಿನಲ್ಲಿ 119 ಎಂದೋ 161 ಎಂದೋ ಕಂಡರೂ ಮೀಟರು ಪಾಸು. ಮನೆಯಲ್ಲಿ ದಿನದಿನದ ಏರಿಳಿತ ನೋಡಿಕೊಳ್ಳುವವರಿಗೆ ಈ ಸಡಿಲು ನಡೆದೀತು. ಒಂದೇ ಅಂಕಿಯಿಂದ ರೋಗ ನಿರ್ಣಯಿಸುವ ಕಡೆ ಇದು ಹೆಚ್ಚಾಯಿತು ಎಂದೇ ನನ್ನ ವಾದ.

ರಕ್ತದಲ್ಲಿ ಬೇರೇನಿದೆ ಎಂದು ನೋಡದೆ ಹೋದದ್ದರ ಫಲ ಹಿಂದೆಯೂ ಕಂಡಿದೆ. ಪಿಕ್ಯೂಕ್ಯೂ ಸಹಕಿಣ್ವ ಬಳಸುವ ಗ್ಲೂಕೋಸ್ ಡಿಹೈಡ್ರೋಜಿನೇಸ್ ಸ್ಟ್ರಿಪ್ಪುಗಳಿಗೆ ಗ್ಲೂಕೋಸು ಯಾವುದು, ಮಾಲ್ಟೋಸು ಯಾವುದು ಎಂಬ ಭೇದ ತಿಳಿಯುವುದಿಲ್ಲ. ಪೆರಿಟೋನಿಯಲ್ ಡಯಾಲಿಸಿಸ್ ದ್ರವದಲ್ಲಿನ ಐಕೋಡೆಕ್ಸ್ಟ್ರಿನ್ ದೇಹದಲ್ಲಿ ಮಾಲ್ಟೋಸ್ ಆಗುತ್ತದೆ. ಹೀಗೆ ಸುಳ್ಳಾಗಿ ಏರಿದ ಅಂಕಿಗಳಿಗೆ ಸಂಬಂಧಿಸಿದ 13 ಸಾವುಗಳು ವರದಿಯಾದ ಮೇಲೆ, 2009ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು.

ಹಿಂದಿನ ತಿಂಗಳುಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ರಕ್ತಪರೀಕ್ಷೆ ನೋಡಿದರಾಯಿತಲ್ಲ ಎಂದರೆ, ಕಬ್ಬಿಣದ ಕೊರತೆಯಲ್ಲಿ ಅದೂ ಸಕ್ಕರೆಯ ಹಂಗಿಲ್ಲದೆ ಏರುತ್ತದೆ. ಆದ್ದರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನವಕಾಂತ ಭಟ್ ಮತ್ತು ಸಂಗಡಿಗರ ಸಂಶೋಧನೆಯಿಂದ ಬೆಳೆದ ಪಾಥ್‌ಶೋಧ್ ಕಂಪನಿಯ ದಾರಿ ನನಗೆ ಮುಖ್ಯವೆನಿಸುತ್ತದೆ: ಅಂಗೈಯಲ್ಲಿ ಹಿಡಿಯುವ ಒಂದೇ ಉಪಕರಣದಲ್ಲಿ ಗ್ಲೂಕೋಸಿನ ಜೊತೆ ಹಿಮೋಗ್ಲೋಬಿನನ್ನೂ ಅಳೆಯುವುದು.

ಅಂಥ ಉಪಕರಣ ಎಲ್ಲ ಕಡೆ ಸಿಗುವವರೆಗೂ ಕಾಯಬೇಕಿಲ್ಲ. ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಬರೆದೇ ಇರುತ್ತದೆ. ಅದು 7ಕ್ಕೆ ಇಳಿದಿದ್ದು ಮೀಟರು 145 ತೋರಿಸಿದರೆ, ಅಂದೇ ತೋಳಿನ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿಗೆ ಕಳಿಸಬೇಕು.