ಕತ್ತಲಲ್ಲಿ ಬಂದಿಳಿದ ವಿಮಾನಗಳು

ಕಡಲಿನ ಮೇಲೆ ಗುರುತಿಲ್ಲದ ವಿಮಾನಗಳು ಕಂಡವೆಂಬ ಸುದ್ದಿ ಹೊಸದೇನಲ್ಲ. 1933-34ರ ಚಳಿಗಾಲದಲ್ಲಿ ನಾರ್ವೆ, ಸ್ವೀಡನ್, ಫಿನ್ಲೆಂಡ್ ದೇಶಗಳ ಜನ ಇಂಥ ವಿಮಾನಗಳನ್ನು ಕಂಡೆವೆಂದು ಹೇಳಿದರು. ಸೇನೆಗಳು ಹುಡುಕಿದವು, ಖಚಿತವಾದ ಉತ್ತರ ಸಿಗಲಿಲ್ಲ. ಕಡಲನ್ನೇ ಕಾಣದ ನಮ್ಮ ಕಲಬುರಗಿ ಸೀಮೆಗೂ ಇದಕ್ಕೂ ಏನು ಸಂಬಂಧ ಎಂದು ಕೋಟನೂರಿನ ಓದುಗರು ಕೇಳಬಹುದು. ಸಂಬಂಧವಿದೆ. ಆದರೆ ನಮ್ಮ ಕಥೆಗೆ ಉತ್ತರವೂ ಇದೆ.

1948ರಲ್ಲಿ ಗುಲ್ಬರ್ಗಾ, ಬೀದರ, ರಾಯಚೂರು ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸಂಸ್ಥಾನಕ್ಕೆ ನಾಲ್ಕೂ ಕಡೆ ಭಾರತದ ನೆಲ. ಸ್ವಂತದ್ದೆಂಬ ಒಂದು ಬಂದರೂ ಇಲ್ಲ. 1947ರ ನವೆಂಬರ್ 29ರಂದು ಭಾರತದೊಡನೆ ಯಥಾಸ್ಥಿತಿ ಒಪ್ಪಂದವಾಗಿತ್ತು. ಆದರೂ ವಿಲೀನದ ಪ್ರಶ್ನೆ ಬಗೆಹರಿಯಲಿಲ್ಲ. ನಿಜಾಮರ ಸರ್ಕಾರಕ್ಕೆ ಶಸ್ತ್ರಾಸ್ತ್ರ ಬೇಕಿತ್ತು. ನೆಲದ ದಾರಿ ಮುಚ್ಚಿತ್ತು. ಉಳಿದದ್ದು ಆಕಾಶದ ದಾರಿ.

ಆ ಕೆಲಸಕ್ಕೆ ದೊರೆತವನು ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ. ಎರಡನೆಯ ಮಹಾಯುದ್ಧಕ್ಕೆ ಮುನ್ನ, 1939ರಲ್ಲಿ, ಬ್ರಿಟನ್ನಿಗಾಗಿ ಜರ್ಮನಿಯ ನೆಲೆಗಳ ಚಿತ್ರಗಳನ್ನು ವಿಮಾನದಿಂದ ಗುಟ್ಟಾಗಿ ತೆಗೆದಿದ್ದ ಸಾಹಸಿ ಅವನು. 1948ರ ಜೂನ್‌ನಿಂದ ಅವನ ಲ್ಯಾಂಕಾಸ್ಟ್ರಿಯನ್ ವಿಮಾನಗಳು ರಾತ್ರಿ ಹೊತ್ತು ಕರಾಚಿಯಿಂದ ಹೊರಡತೊಡಗಿದವು. ಲ್ಯಾಂಕಾಸ್ಟರ್ ಬಾಂಬರ್‌ನಿಂದ ರೂಪಿಸಿದ, ನಾಲ್ಕು ಎಂಜಿನ್‌ಗಳ ಸಾಗಾಟ ವಿಮಾನಗಳವು. ಬೀದರಿಗೆ ನೇರ ದಾರಿಯೇ ಸುಮಾರು 1,300 ಕಿಲೋಮೀಟರ್. ಕಡಲನ್ನೂ ಭಾರತದ ನೆಲವನ್ನೂ ದಾಟಿ ಅವು ಬೀದರ, ವರಂಗಲ್ ನಿಲ್ದಾಣಗಳಲ್ಲಿ ಶಸ್ತ್ರಗಳನ್ನು ಇಳಿಸಿ ಮರಳುತ್ತಿದ್ದವು.

ಅವನ್ನು ತಡೆಯಲಿಲ್ಲವೇಕೆ? ಭಾರತೀಯ ವಾಯುಪಡೆಯ ಬಳಿ ಆಗ ಇದ್ದ ಟೆಂಪೆಸ್ಟ್ ಯುದ್ಧವಿಮಾನಗಳು ಹಗಲಿನ ಕಾದಾಟಕ್ಕೆ ಹೇಳಿಮಾಡಿಸಿದವು. ಕತ್ತಲಲ್ಲಿ, ವಿಶಾಲವಾದ ಆಕಾಶದಲ್ಲಿ ಒಂಟಿ ವಿಮಾನವನ್ನು ಹುಡುಕಿ ಹಿಡಿಯುವುದು ಸುಲಭವಲ್ಲ.

ಕೆಳಗಿದ್ದ ಜನಕ್ಕೆ ಇದು ಬರೀ ಕುತೂಹಲದ ವಿಷಯವಾಗಿರಲಿಲ್ಲ. ರಜಾಕಾರರ ಹಾವಳಿ ಹಳ್ಳಿಗಳನ್ನು ನಡುಗಿಸುತ್ತಿದ್ದ ಕಾಲವದು. ಬೀದರ ಜಿಲ್ಲೆಯ ಗೋರ್ಟಾದ ಹತ್ಯಾಕಾಂಡ ಅದೇ ಮೇ ತಿಂಗಳಲ್ಲಿ ನಡೆದಿತ್ತು. ವಿಮಾನದಲ್ಲಿ ಏನು ಬಂತು ಎಂಬ ಪ್ರಶ್ನೆಯ ಹಿಂದೆ, ಅದು ನಾಳೆ ಯಾರ ಕೈ ಸೇರೀತು ಎಂಬ ಪ್ರಶ್ನೆಯೂ ಇತ್ತು.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. ವಾಯುಪಡೆ ಬೀದರ, ವರಂಗಲ್ ನಿಲ್ದಾಣಗಳ ಮೇಲೆ ದಾಳಿ ಮಾಡಿತು. 17ರಂದು ಎಲ್ಲ ಮುಗಿಯಿತು. ಕಾಟನ್‌ಗೆ ಬ್ರಿಟನ್ನಿನಲ್ಲಿ ಆದ ದಂಡ 200 ಪೌಂಡ್ ಮಾತ್ರ.

ವಿಮಾನಗಳ ಗುಟ್ಟು ಹೀಗೆ ಬೇಗನೆ ಬಯಲಾಯಿತು. ನೆಲದ ಮೇಲಿನ ಗುಟ್ಟು ಹಾಗಲ್ಲ. ಕಾರ್ಯಾಚರಣೆಯ ಬಳಿಕ ಗುಲ್ಬರ್ಗಾ, ಬೀದರ ಜಿಲ್ಲೆಗಳ ಮುಸ್ಲಿಂ ಕುಟುಂಬಗಳು ಅನುಭವಿಸಿದ ಹಿಂಸೆಯನ್ನು ಪಂಡಿತ ಸುಂದರಲಾಲ್ ಸಮಿತಿ ದಾಖಲಿಸಿತು. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ. ಕಾಣದ್ದೆಲ್ಲ ನಿಗೂಢವಲ್ಲ. ಬಲ್ಲವರು ಬಾಯಿ ಬಿಡದಿದ್ದಾಗಲೂ ನಿಗೂಢ ಹುಟ್ಟುತ್ತದೆ.

ಅದೇ ಬೀದರದಲ್ಲಿ 1996ರಲ್ಲಿ ವಾಯುಪಡೆಯ ಸೂರ್ಯಕಿರಣ ತಂಡ ರೂಪುಗೊಂಡಿತು. ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ತೆರೆಯಿತು. ಇಂದು ನಮ್ಮ ಮಕ್ಕಳು ವಿಮಾನದ ಸದ್ದು ಕೇಳಿ ಅಂಗಳಕ್ಕೆ ಓಡಿಬರುತ್ತಾರೆ. ಒಂದು ಕಾಲಕ್ಕೆ ಈ ಸೀಮೆಯಲ್ಲಿ ಅದೇ ಸದ್ದಿಗೆ ಬೇರೆ ಅರ್ಥವಿತ್ತೆಂದು ಅವರಿಗೆ ನಾವು ಹೇಳಬೇಕು.