ಅಪರೂಪ ಎಂಬುದು ಯಾರ ಲೆಕ್ಕ?

ಅಂಡಮಾನಿನ ಮೂಲನಿವಾಸಿಗಳ ರಕ್ತದಲ್ಲಿ ಹರಿದುಬಂದ ತಾಯಿಬಳ್ಳಿಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ಎಂ-31 ಎಂದು ಹೆಸರಿಟ್ಟಿದ್ದಾರೆ. ಜಗತ್ತಿನ ಅತಿ ವಿರಳ ತಾಯಿಬಳ್ಳಿಗಳಲ್ಲಿ ಇದೂ ಒಂದು ಎಂಬ ಮಾತು ಚಲಾವಣೆಯಲ್ಲಿತ್ತು. 2005ರ ಮೇ ತಿಂಗಳಲ್ಲಿ ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ (ಸಿಸಿಎಂಬಿ) ಕೆ. ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದೇ ಪುಟದ ವರದಿ ಪ್ರಕಟಿಸಿದರು. ಓಂಗೆ ಮತ್ತು ಗ್ರೇಟ್ ಅಂಡಮಾನೀಸ್ ಜನರಲ್ಲಿ ಸಿಕ್ಕ ಎಂ-31, ಎಂ-32 ಎಂಬ ಎರಡು ಬಳ್ಳಿಗಳು ಬೇರೆಲ್ಲೂ ಕಂಡಿಲ್ಲ ಎಂದರು. ಆಫ್ರಿಕಾದಿಂದ ಹೊರಟ ಮೊದಲ ಮನುಷ್ಯರು ಸುಮಾರು 50ರಿಂದ 70 ಸಾವಿರ ವರ್ಷಗಳ ಹಿಂದೆ ಈ ದ್ವೀಪಗಳಿಗೆ ಬಂದು, ಅಂದಿನಿಂದ ಒಂಟಿಯಾಗಿಯೇ ಉಳಿದರು ಎಂಬುದು ವರದಿಯ ಸಾರ. ವರ್ಷ ತುಂಬುವುದರೊಳಗೆ ಅದೇ ಪತ್ರಿಕೆಯಲ್ಲಿ ಆಕ್ಷೇಪ ಬಂತು. ಉತ್ತರ ಬಂಗಾಳ, ಅಸ್ಸಾಂ, ಬಿಹಾರಗಳ ಬಯಲಿನಲ್ಲಿ ಉತ್ತು ಬಿತ್ತು ಬದುಕುವ ರಾಜಬಂಶಿ ಸಮುದಾಯದ ಇಬ್ಬರಲ್ಲಿ ಪಳನಿಚಾಮಿ ಮತ್ತಿತರ ಸಂಶೋಧಕರು ಎಂ-31ರ ಗುರುತುಗಳನ್ನು ಕಂಡಿದ್ದರು. ಎರಡೇ ಎರಡು ರಕ್ತದ ಮಾದರಿಗಳು ಅರವತ್ತು ಸಾವಿರ ವರ್ಷಗಳ ಏಕಾಂತದ ಕಥೆಯನ್ನು ಅಲುಗಾಡಿಸಿದವು. ನನ್ನ ವಾದ ಇಷ್ಟೆ: ಎಂ-31 ಅಪರೂಪ ಎನ್ನುವುದು ದ್ವೀಪದ ಜನರ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ನಾವು ಯಾರನ್ನು ಎಣಿಸಿದೆವು, ಯಾರನ್ನು ಬಿಟ್ಟೆವು ಎಂಬುದನ್ನು ಹೇಳುತ್ತದೆ. ಆ ಎಣಿಕೆಯ ಅಭ್ಯಾಸ ಬೆಳೆದದ್ದು ಕೋಲ್ಕತ್ತಾದಲ್ಲಿ.

ತಾಯಿಬಳ್ಳಿ ಎಂದರೇನೆಂದು ತುಳುನಾಡಿನವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅಳಿಯಸಂತಾನದಲ್ಲಿ ‘ಬಳಿ’ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಮಗ ಅದನ್ನು ಹೊತ್ತಿರುತ್ತಾನೆ, ಮುಂದಕ್ಕೆ ಕೊಡಲಾರ. ಜೀವಕೋಶದೊಳಗಿನ ಮೈಟೊಕಾಂಡ್ರಿಯಾದ ಡಿಎನ್‌ಎ ಹರಿಯುವುದೂ ಹೀಗೆಯೇ. ಸುಮಾರು 16,569 ಅಕ್ಷರಗಳ ಆ ಪುಟ್ಟ ಸುರುಳಿ ತಾಯಿಯಿಂದ ಮಾತ್ರ ಬರುತ್ತದೆ. ಸಾವಿರಾರು ವರ್ಷಗಳಿಗೊಮ್ಮೆ ಅದರಲ್ಲಿ ಒಂದು ಅಕ್ಷರ ತಪ್ಪಾಗಿ ನಕಲಾಗುತ್ತದೆ, ಆ ತಪ್ಪು ಮುಂದಿನ ಎಲ್ಲ ಹೆಣ್ಣುಸಂತತಿಗೂ ಅಂಟುತ್ತದೆ. ಒಂದೇ ತಪ್ಪುಗಳ ಸರಣಿಯನ್ನು ಹಂಚಿಕೊಂಡವರು ಒಬ್ಬಳೇ ಅಜ್ಜಿಯ ಸಂತಾನ.

ಈ ಲೆಕ್ಕಕ್ಕಿಂತ ಬಹಳ ಹಿಂದೆಯೇ ಅಂಡಮಾನ್ ಕೋಲ್ಕತ್ತಾದ ಕಡತ ಸೇರಿತ್ತು. ಏಷ್ಯಾಟಿಕ್ ಸೊಸೈಟಿಯ ‘ಏಷ್ಯಾಟಿಕ್ ರಿಸರ್ಚಸ್’ ನಾಲ್ಕನೇ ಸಂಪುಟದಲ್ಲೇ ಭೂಮಾಪಕ ಕೋಲ್‌ಬ್ರೂಕ್ ದ್ವೀಪವಾಸಿಗಳ ಬಗ್ಗೆ ಬರೆದಿದ್ದ. 1857ರ ದಂಗೆಯ ಕೈದಿಗಳಿಗೆ ಜಾಗ ಹುಡುಕಲು ಹೊರಟ ಫ್ರೆಡರಿಕ್ ಮೌಆಟ್‌ನ ತಂಡ ಒಬ್ಬ ಅಂಡಮಾನಿ ಯುವಕನನ್ನು ಹಿಡಿದು 1858ರಲ್ಲಿ ಕಲ್ಕತ್ತೆಗೆ ತಂದಿತು. ನಾವಿಕರ ಅಂಗಿ ತೊಡಿಸಿ, ‘ಜಾಕ್’ ಎಂದು ಕರೆದು, ಫೋಟೊ ತೆಗೆಸಿದರು. ಊರಿನ ಗಾಳಿ ನೀರು ಒಗ್ಗದೆ ಅವನು ಹಾಸಿಗೆ ಹಿಡಿದ. ಸಾಯುತ್ತಾನೇನೋ ಎಂದು ಹೆದರಿ ಮತ್ತೆ ದ್ವೀಪಕ್ಕೆ ಒಯ್ದು ಬಿಟ್ಟರು. ಅವನ ನಿಜವಾದ ಹೆಸರು ಯಾವ ವರದಿಗೂ ಬೇಕಾಗಲಿಲ್ಲ. ಮುಂದೆ ನೋಟ ಅಳತೆಯಾಯಿತು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದ ಮಾನವಶಾಸ್ತ್ರಜ್ಞ ಬಿ. ಎಸ್. ಗುಹಾ 1931ರ ಜನಗಣತಿಗಾಗಿ ದೇಶದುದ್ದಕ್ಕೂ ತಲೆಬುರುಡೆ, ಮೂಗು, ಕೂದಲುಗಳನ್ನು ಅಳೆದು ಭಾರತೀಯರನ್ನು ಆರು ಮುಖ್ಯ ಜನಾಂಗಗಳಾಗಿ ವಿಂಗಡಿಸಿದರು. ಮೊದಲ ಸ್ಥಾನ ‘ನೆಗ್ರಿಟೊ’ಗಳದು. ಕೊಚ್ಚಿ ಸೀಮೆಯ ಕಾಡರ್ ಜನರ ಗುಂಗುರು ಕೂದಲಲ್ಲಿ ಅವರು ಅಂಡಮಾನಿನ ನೆರಳು ಕಂಡರು. 1945ರ ಡಿಸೆಂಬರಿನಲ್ಲಿ ವಾರಾಣಸಿಯಲ್ಲಿ ಆರಂಭವಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಗೆ ಗುಹಾ ಅವರೇ ಮೊದಲ ನಿರ್ದೇಶಕರು. 1948ರಲ್ಲಿ ಸಂಸ್ಥೆ ಕೋಲ್ಕತ್ತಾಕ್ಕೆ ಬಂತು, ಅದರ ಕೇಂದ್ರ ಇಂದಿಗೂ ಅಲ್ಲಿದೆ. ಅತಿ ಹಳಬರು ಯಾರು, ಬೆರಕೆಯಾಗದೆ ಉಳಿದವರು ಯಾರು ಎಂಬ ಪ್ರಶ್ನೆ ಹೀಗೆ ಕಪಾಟಿನಿಂದ ಕಪಾಟಿಗೆ ದಾಟಿತು. ಡಿಎನ್‌ಎ ಬಂದಾಗ ಉಪಕರಣ ಬದಲಾಯಿತೇ ಹೊರತು ಪ್ರಶ್ನೆ ಬದಲಾಗಲಿಲ್ಲ. ಬ್ರಿಟಿಷ್ ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ 1906ರಿಂದ 1908ರ ನಡುವೆ ದ್ವೀಪದಲ್ಲಿ ಕತ್ತರಿಸಿ ತಂದ ಕೂದಲಿನ ಎಳೆಗಳೇ ಸುಮಾರು ನೂರು ವರ್ಷಗಳ ಬಳಿಕ ಪ್ರಯೋಗಾಲಯ ಸೇರಿದವು. ಒಂದು ಕಾಲದಲ್ಲಿ ಸುರುಳಿಯ ಆಕಾರಕ್ಕಾಗಿ ನೋಡಿದ ಕೂದಲನ್ನು ಈಗ ಅದರೊಳಗಿನ ಅಕ್ಷರಗಳಿಗಾಗಿ ಓದಿದರು.

ಉತ್ತರ ಮಾತ್ರ ಕಪಾಟಿನಲ್ಲಿರಲಿಲ್ಲ, ಬಂಗಾಳದ ಹಳ್ಳಿಗಳಲ್ಲಿತ್ತು. ರಾಜಬಂಶಿಗಳ ನಂತರ ಲೋಧಾ, ಚೆಂಚು, ಲಂಬಾಡಿಗಳಲ್ಲೂ ಎಂ-31ರ ಕೊಂಬೆಗಳು ಸಿಕ್ಕವು. ಲೋಧಾ ಜನರ ನೆಲೆ ಕೋಲ್ಕತ್ತಾದಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದೂರದ ಮೇದಿನೀಪುರ. ಬ್ರಿಟಿಷರ ಕಾನೂನು ಹುಟ್ಟಿನಿಂದಲೇ ಅಪರಾಧಿಗಳೆಂದು ಹಣೆಪಟ್ಟಿ ಹಚ್ಚಿದ ಈ ಸಮುದಾಯದ ಪರವಾಗಿ ಲೇಖಕಿ ಮಹಾಶ್ವೇತಾ ದೇವಿ ವರ್ಷಗಟ್ಟಲೆ ಬರೆದರು, ಹೋರಾಡಿದರು. ಪೊಲೀಸ್ ಕಡತದಲ್ಲಿ ಅವರಿಗೆ ಜಾಗವಿತ್ತು, ಮನುಷ್ಯಕುಲದ ಹಳೆಯ ಇತಿಹಾಸದಲ್ಲಿ ಅವರನ್ನು ಹುಡುಕಬೇಕೆಂದು ಯಾರಿಗೂ ಹೊಳೆಯಲಿಲ್ಲ. 2011ರಲ್ಲಿ ಚೀನಾದ ಕುನ್‌ಮಿಂಗ್ ಸಂಶೋಧಕರು ದಕ್ಷಿಣ ಏಷ್ಯಾದ ಬೇರೆ ಬೇರೆ ಸಮುದಾಯಗಳಿಂದ ಎಂ-31ರ 113 ಮಾದರಿಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಅದಕ್ಕೆ ಆರು ವರ್ಷಗಳ ಹಿಂದೆ ಭೂಖಂಡದಲ್ಲಿ ಒಂದೂ ಇಲ್ಲ ಎನ್ನಲಾಗಿದ್ದ ಬಳ್ಳಿ ಅದು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಬಂಗಾಳ ಕೊಲ್ಲಿಯಲ್ಲಿ ಗುಲಾಮರ ವ್ಯಾಪಾರ ನಡೆದಿದೆ, ಮಲಯ ದರೋಡೆಕೋರರು ಅಂಡಮಾನಿಗಳನ್ನು ಹಿಡಿದು ಮಾರಿದ್ದಾರೆ. ದ್ವೀಪದ ಹೆಣ್ಣೊಬ್ಬಳು ಭೂಖಂಡ ಸೇರಿ, ಅವಳ ಮೊಮ್ಮಕ್ಕಳೇ ಇವರಾಗಿರಬಾರದೇಕೆ? ಹಾಗಿದ್ದರೆ ಬಂಗಾಳದ ಮಾದರಿಗಳಲ್ಲಿ ಅಂಡಮಾನಿನದೇ ಆದ ಎಂ-31ಎ1 ಉಪಕೊಂಬೆಯ ಗುರುತುಗಳು ಇರಬೇಕಿತ್ತು. ಅವು ಇಲ್ಲ. ಭೂಖಂಡದ ಕೊಂಬೆಗಳು ಬುಡದ ಹತ್ತಿರವೇ ಕವಲೊಡೆದಿವೆ, ತಮ್ಮದೇ ಬೇರೆ ತಪ್ಪುಗಳನ್ನು ಕೂಡಿಸಿಕೊಂಡಿವೆ. ಅಂದರೆ ಇವರು ದ್ವೀಪದವರ ಮೊಮ್ಮಕ್ಕಳಲ್ಲ, ದಾಯಾದಿಗಳು. ವೈವಿಧ್ಯ ಹೆಚ್ಚಿರುವುದು ಭೂಖಂಡದಲ್ಲಿ, ಕಡಿಮೆ ಇರುವುದು ದ್ವೀಪದಲ್ಲಿ. ವಲಸೆ ಹೊರಟದ್ದು ಎಲ್ಲಿಂದ ಎಂಬುದಕ್ಕೆ ಇದಕ್ಕಿಂತ ನೇರವಾದ ಸೂಚನೆ ಸಿಗುವುದು ಕಷ್ಟ.

ಎರಡನೇ ಆಕ್ಷೇಪ ಇದಕ್ಕಿಂತ ಗಟ್ಟಿ. ದಾಯಾದಿಗಳಿದ್ದ ಮಾತ್ರಕ್ಕೆ ದ್ವೀಪಕ್ಕೆ ಜನ ತಡವಾಗಿ ಬಂದರು ಎಂದಾಗುತ್ತದೆಯೇ? ಆಗುವುದಿಲ್ಲ. 2008ರಲ್ಲಿ ಮಾನವಶಾಸ್ತ್ರ ಸರ್ವೇಕ್ಷಣೆಯ ಸಂಶೋಧಕರು ವಿದೇಶಿ ಸಹೋದ್ಯೋಗಿಗಳೊಂದಿಗೆ ಎಂ-31, ಎಂ-32ರ ಪೂರ್ಣ ಅಕ್ಷರಮಾಲೆಗಳನ್ನು ಓದಿ ಪ್ರಕಟಿಸಿದ ಪ್ರಬಂಧದ ಪ್ರಾಮಾಣಿಕತೆ ನನಗೆ ಬಹಳ ಹಿಡಿಸುತ್ತದೆ. ಎರಡೂ ಬಳ್ಳಿಗಳು ಹಂಚಿಕೊಂಡ ಒಂದು ಅಪರೂಪದ ಅಕ್ಷರಬದಲಾವಣೆಯನ್ನು ಗುರುತಿಸಿ, ಅವು ಅಕ್ಕತಂಗಿಯರು ಎಂದು ಅವರು ಸೂಚಿಸಿದರು. ವಲಸೆ ಹಿಂದೆ ಹೇಳಿದ್ದಕ್ಕಿಂತ ಈಚಿನದ್ದಿರಬಹುದು, ಆದರೆ ಅತಿ ಪ್ರಾಚೀನ ವಲಸೆಯನ್ನು ತಳ್ಳಿಹಾಕುವಂತಿಲ್ಲ, ತಾಯಿಬಳ್ಳಿಯೊಂದನ್ನೇ ನೆಚ್ಚಿ ಈ ಜಗಳ ಬಗೆಹರಿಯಲಾರದು ಎಂದೂ ಬರೆದರು. ತಮ್ಮ ಹತಾರದ ಮಿತಿಯನ್ನು ತಾವೇ ಹೇಳುವ ಸಂಶೋಧಕರು ಕಡಿಮೆ. ಕುನ್‌ಮಿಂಗ್ ತಂಡ ಇಷ್ಟು ಎಚ್ಚರ ವಹಿಸಲಿಲ್ಲ. ಮ್ಯಾನ್ಮಾರಿನ 846 ಮಾದರಿಗಳಲ್ಲಿ ಎಂ-31 ಸಿಕ್ಕಿದ್ದು ಎರಡರಲ್ಲಿ, ಅವೂ ಈಚೆಗೆ ಈಶಾನ್ಯ ಭಾರತದಿಂದ ಹೋದಂಥವು. ಆದ್ದರಿಂದ ಅಂಡಮಾನಿಗಳ ಮೂಲ ಮ್ಯಾನ್ಮಾರ್ ಅಲ್ಲ, ಈಶಾನ್ಯ ಭಾರತ, ಕಡೆಯ ಹಿಮಯುಗದ ಉತ್ತುಂಗದಲ್ಲಿ ಸಮುದ್ರ ಇಳಿದಾಗ ಅವರು ನೆಲದ ಸೇತುವೆ ಹಿಡಿದು ಬಂದರು ಎಂಬುದು ಅವರ ತೀರ್ಮಾನ. ಮೂಲದ ದಿಕ್ಕು ಸರಿಯಿರಬಹುದು. ಆದರೆ ‘ನಮಗೆ ಸಿಗಲಿಲ್ಲ, ಹಾಗಾಗಿ ಅಲ್ಲಿರಲಿಲ್ಲ’ ಎಂಬ ತರ್ಕ 2005ರಲ್ಲಿ ಎಡವಿದ ತರ್ಕವೇ. ಇಂದಿನ ಮ್ಯಾನ್ಮಾರಿನ ಜನರು ಹಿಮಯುಗದ ಮ್ಯಾನ್ಮಾರಿನ ಜನರಲ್ಲ.

ಇನ್ನು ಅಂಡಮಾನಿನಲ್ಲಿ ಎರಡೇ ಬಳ್ಳಿಗಳು ಉಳಿದಿರುವುದು ಅವರ ಶುದ್ಧತೆಯ ಪುರಾವೆಯಲ್ಲವೇ ಎಂದು ಕೇಳುವವರಿದ್ದಾರೆ. ಸಣ್ಣ ಜನಸಂಖ್ಯೆಯಲ್ಲಿ ಹೆಣ್ಣುಮಕ್ಕಳಿಲ್ಲದ ಮನೆಯ ಬಳ್ಳಿ ಅಲ್ಲಿಗೇ ನಿಲ್ಲುತ್ತದೆ. ನೂರಾರು ತಲೆಮಾರುಗಳಲ್ಲಿ ಬಹುತೇಕ ಬಳ್ಳಿಗಳು ಕಡಿದುಹೋಗಿ ಒಂದೆರಡು ಉಳಿಯುವುದು ಗಣಿತದ ಸಹಜ ಫಲ. ಅದರ ಮೇಲೆ ವಸಾಹತಿನ ಹೊಡೆತ ಬಿತ್ತು. 1858ರಲ್ಲಿ ಕೈದಿಗಳ ನೆಲೆ ಸ್ಥಾಪನೆಯಾದಾಗ ಸಾವಿರಗಳಲ್ಲಿದ್ದ ಗ್ರೇಟ್ ಅಂಡಮಾನೀಸ್ ಜನ ಸಿಫಿಲಿಸ್, ದಡಾರಗಳಿಗೆ ಬಲಿಯಾಗಿ 1901ರ ಗಣತಿಯಲ್ಲಿ 625ಕ್ಕೆ, 1961ರಲ್ಲಿ 19ಕ್ಕೆ ಇಳಿದರು. ಓಂಗೆಗಳು 672ರಿಂದ 2011ರ ಹೊತ್ತಿಗೆ 101ಕ್ಕೆ ಬಂದರು. ಇಷ್ಟು ಸಾವುಗಳ ನಂತರ ಉಳಿದದ್ದನ್ನು ಅಳೆದು ‘ಅಪರೂಪ’ ಎಂದು ಬೆರಗಾಗುವುದರಲ್ಲಿ ಒಂದು ಬಗೆಯ ಕ್ರೌರ್ಯವಿದೆ.

ತಾಯಿಬಳ್ಳಿ ಇಡೀ ಮನುಷ್ಯನಲ್ಲ ಎಂಬುದೂ ನಿಜ. ಓಂಗೆ, ಜಾರವಾ ಗಂಡಸರ ತಂದೆಬಳ್ಳಿ ‘ಡಿ’ ಗುಂಪಿನದು. ಅದರ ದಾಯಾದಿಗಳು ಟಿಬೆಟ್, ಜಪಾನುಗಳಲ್ಲಿ ಹೇರಳ, ಭಾರತದ ಭೂಖಂಡದಲ್ಲಿ ವಿರಳ. 2009ರಲ್ಲಿ ತಳಿವಿಜ್ಞಾನಿ ಡೇವಿಡ್ ರೈಕ್, ತಂಗರಾಜ್, ಲಾಲ್‌ಜಿ ಸಿಂಗ್ ಮುಂತಾದವರು ಇಡೀ ಜೀನೋಮ್ ನೋಡಿದಾಗ ಇಂದಿನ ಬಹುಪಾಲು ಭಾರತೀಯರ ಪೂರ್ವಜರ ಒಂದು ಪಾಲು ಓಂಗೆಗಳಿಗೆ ದೂರದ ನಂಟಿನದು ಎಂದು ಕಂಡಿತು. 2005ರ ವರದಿ ಬರೆದ ಕೈಗಳೇ ಇದರಲ್ಲೂ ಇದ್ದವು ಎಂಬುದನ್ನು ಮರೆಯಬಾರದು. ವಿಜ್ಞಾನ ನಡೆಯುವುದೇ ಹಾಗೆ. ಈ ನಂಟು ನನ್ನ ವಾದವನ್ನು ಸಡಿಲಿಸುವ ಬದಲು ಬಿಗಿಗೊಳಿಸುತ್ತದೆ. ಮೈಸೂರಿನ ಒಕ್ಕಲಿಗನೂ ಕೋಲ್ಕತ್ತಾದ ಬ್ರಾಹ್ಮಣನೂ ಬೇರೆ ಬೇರೆ ಪ್ರಮಾಣದಲ್ಲಿ ಆ ಹಳೆಯ ಜನರ ಪಾಲುದಾರರು. ಗುಹಾ ಹಾಕಿದ ಗೆರೆ ಕಾಡರಂಥ ಕೆಲವರನ್ನು ಮಾತ್ರ ಅಂಡಮಾನಿಗೆ ಜೋಡಿಸಿ ಉಳಿದವರನ್ನು ಹೊರಗಿಟ್ಟಿತ್ತು. ಆ ಗೆರೆಯೇ ತಪ್ಪು.

ಅಂಡಮಾನಿಗಳನ್ನು ‘ಜೀವಂತ ಪಳೆಯುಳಿಕೆ’ ಎಂದು ಕರೆಯುವುದನ್ನು ನಮ್ಮ ಪಠ್ಯಪುಸ್ತಕಗಳೂ ಪತ್ರಿಕೆಗಳೂ ಇನ್ನಾದರೂ ಕೈಬಿಡಬೇಕು. ಅವರಲ್ಲೂ ನಮ್ಮಲ್ಲೂ ಅಷ್ಟೇ ತಲೆಮಾರುಗಳು ಕಳೆದಿವೆ. ಇನ್ನು ಹೊರಗಿನವರನ್ನು ಹತ್ತಿರ ಸೇರಿಸದ, ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪದವರಿಂದ ಈವರೆಗೆ ಯಾರೂ ಒಂದು ಹನಿ ರಕ್ತವನ್ನೂ ಪಡೆದಿಲ್ಲ. ಪಡೆಯಬೇಕಾದ ಅಗತ್ಯವೂ ಇಲ್ಲ. ಎಂ-31ರ ಮುಂದಿನ ಕೊಂಬೆಗಳು ಸಿಗಬೇಕಾದದ್ದು ರಾಜಬಂಶಿಗಳ, ಲೋಧಾಗಳ ಊರುಗಳಲ್ಲಿ, ಅದೂ ಅವರು ಒಪ್ಪಿದರೆ.