ಬೀದರ ಸೀಮೆಯ ಮರಹಾವುಗಳ ನಾಮವಿಚಾರ

1956ನೆಯ ಇಸವಿಯ ನವೆಂಬರ 1ರಂದು ಹೈದರಾಬಾದು ರಾಜ್ಯವು ವಿಭಾಗಗೊಂಡಾಗ, ಹಳೆಯ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದು, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೂ ಸೇರಿದುವು. ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದುವು. ಆದರೆ ಈ ಸೀಮೆಯ ಭಾಷೆಗಳು ಹಾಗೆ ಬೇರ್ಪಡಲಿಲ್ಲ. ಇಲ್ಲಿ ಮರವನ್ನೇರಿದ ಹಾವೊಂದಕ್ಕೆ ಕನ್ನಡ, ಮರಾಠಿ, ತೆಲುಗುಗಳ ಹೆಸರುಗಳು ಒಟ್ಟಿಗೇ ದೊರೆಯಬಹುದಾಗಿದೆ. ಹಾವನ್ನು ಗುರುತಿಸುವ ಕಾರ್ಯದಲ್ಲಿ ಈ ಹೆಸರುಗಳಿಗೆ ಎಷ್ಟು ಪ್ರಾಮಾಣ್ಯವುಂಟೆಂಬುದೇ ಪ್ರಕೃತ ವಿಚಾರವು.

ದಕ್ಷಿಣಾಪಥದ ಬಯಲುಸೀಮೆಯಲ್ಲೆಲ್ಲ ಹರಡಿರುವ ಮರಹಾವುಗಳಲ್ಲಿ ಮೂರು ಮುಖ್ಯವಾದುವು. ಮೊದಲನೆಯದು ಹಸುರುಹಾವು. ಎಲೆಯ ಬಣ್ಣ, ಚೂಪಾದ ಮೂತಿ, ಅಡ್ಡಲಾಗಿ ಸೀಳಿದಂತಿರುವ ಕಣ್ಣಾಲಿ, ಇವು ಇದರ ಗುರುತುಗಳು. ನಮ್ಮ ಬೇರಾವ ಹಾವಿಗೂ ಅಂತಹ ಕಣ್ಣಿಲ್ಲ. ಇದನ್ನು ತೆಲುಗರು ‘ಪಸಿರಿಕ ಪಾಮು’ ಎನ್ನುವರು. ಹಳಗನ್ನಡದ ‘ಪಸುರ್’ ಎಂಬುದನ್ನು ಬಲ್ಲವರಿಗೆ ಈ ಮಾತಿನ ಅರ್ಥವನ್ನು ಹೇಳಬೇಕಾದುದಿಲ್ಲ. ಪ್ಯಾಟ್ರಿಕ್ ರಸೆಲ್ಲನು 1796ರಲ್ಲಿ ಪ್ರಕಟಿಸಿದ ಕೋರಮಂಡಲ ತೀರದ ಸರ್ಪಗಳ ಗ್ರಂಥದಲ್ಲಿ ಈ ಹೆಸರನ್ನೇ ಬರೆದುಕೊಂಡನು. ಊರವರ ಮಾತನ್ನು ಆತನು ತಳ್ಳಿಹಾಕದಿದ್ದುದು ನಮ್ಮ ಭಾಗ್ಯವೇ ಸರಿ. ತಮಿಳಿನ ಹೆಸರು ಮಾತ್ರ ಕಣ್ಣು ಕುಕ್ಕುವ ಹಾವೆಂದು. ಲಿನೇಯಸನು 1758ರಲ್ಲಿ ಬಳಸಿದ ‘ಅಹೈತುಲ್ಲ’ ಎಂಬ ಸಿಂಹಳ ಶಬ್ದದ ಅರ್ಥವೂ ಹೆಚ್ಚು ಕಡಮೆ ಅದೇ. ಒಂದು ಹೆಸರಿನಲ್ಲಿ ಬಣ್ಣವಿದೆ, ಇನ್ನೊಂದರಲ್ಲಿ ಭಯವಿದೆ. ಭಾರತದ ಬಯಲಿನ ಹಸುರುಹಾವು ಸಿಂಹಳದ್ದಕ್ಕಿಂತ ಬೇರೆ ಜಾತಿಯೆಂದು 2020ರಲ್ಲಿ ವಿದ್ವಾಂಸರು ನಿರ್ಣಯಿಸಿದ್ದಾರೆ.

ಎರಡನೆಯದು ಕಂಚುಬೆನ್ನಿನ ಹಾವು. ಹಗಲಿನಲ್ಲಿ ಕೊಂಬೆಯಿಂದ ಕೊಂಬೆಗೆ ಮಿಂಚಿನಂತೆ ಸಾಗುವುದು. ಕೆರಳಿ ಮೈಯುಬ್ಬಿಸಿದಾಗ ಹುರುಪೆಗಳ ನಡುವೆ ತಿಳಿನೀಲವು ತೋರುವುದು. ವಿಷವಿಲ್ಲದ ಪ್ರಾಣಿಯಿದು. ಮರಾಠಿಯಲ್ಲಿ ಇದಕ್ಕೆ ‘ರುಖಈ’ ಎಂದು ಹೆಸರು, ರೂಖವೆಂದರೆ ಮರ. ನಮ್ಮ ಕನ್ನಡದ ಗ್ರಂಥಗಳಲ್ಲಿಯಾದರೋ ‘ಕೊಂಬೇರಿ ಮೂರ್ಖ’ನೆಂದು ಪ್ರಸಿದ್ಧಿ. ಕಚ್ಚಿದ ಬಳಿಕ ಮರದ ತುದಿಗೇರಿ, ಸತ್ತವನ ಚಿತೆಯ ಹೊಗೆಯನ್ನು ನೋಡಿಯೇ ಇಳಿಯುವುದೆಂಬ ಕಥೆಯೂ ಈ ಹೆಸರಿನ ಜೊತೆಗಿದೆ. ‘ಕೊಂಬೇರಿ’ ಎಂಬುದು ಕಂಡು ಆಡಿದ ಮಾತು. ‘ಮೂರ್ಖ’ ಎಂಬುದೇನು? ತಮಿಳಿನಲ್ಲಿ ‘ಕೊಂಬೇರಿ ಮೂಕ್ಕನ್’, ಎಂದರೆ ಮೂಗುಳ್ಳವನು; ಮಲೆಯಾಳದಲ್ಲಿ ‘ಕೊಂಬೇರಿ ಮೂರ್ಖನ್’, ಅಲ್ಲಿ ಮೂರ್ಖನೆಂದರೆ ನಾಗರಹಾವು. ಮೂಕ್ಕನೇ ಮೂರ್ಖನಾಗಿ, ವಿಷವಿಲ್ಲದ ಹಾವು ಹೆಸರಿನ ಬಲದಿಂದಲೇ ನಾಗರವಾಯಿತೆಂದು ನನ್ನ ಅಭಿಪ್ರಾಯ. ತಮಿಳರಲ್ಲಿಯೂ ಅದೇ ಚಿತೆಯ ಕಥೆಯಿರುವುದು ಈ ಊಹೆಗೆ ಬಲ ಕೊಡುತ್ತದೆ. ಆದುದರಿಂದ ಬೀದರದ ಮಕ್ಕಳಿಗೆ ಪಾಠ ಹೇಳುವವರು ‘ಕೊಂಬೇರಿ ಮೂರ್ಖ’ನನ್ನು ಬೋಧಿಸುವಾಗ, ಹೆಸರಿನೊಡನೆ ಕಥೆಯೂ ಕಥೆಯೊಡನೆ ಕೋಲೂ ಬರುವುದೆಂಬುದನ್ನು ಮರೆಯಬಾರದು. ನೆರೆಯ ‘ರುಖಈ’ಗೆ ಅಂತಹ ದೋಷವಿಲ್ಲ.

ಮೂರನೆಯದು ಅಪರೂಪವಾಗಿ ಕಣ್ಣಿಗೆ ಬೀಳುವ ಬೆಕ್ಕುಕಣ್ಣಿನ ಹಾವು, ಮರಾಠಿಯ ‘ಮಾಂಜಱ್ಯಾ’. ಮಾಂಜರವೆಂದರೆ ಬೆಕ್ಕು. (ಔರಾದ, ಭಾಲ್ಕಿಗಳ ಕಡೆ ಹರಿಯುವ ಮಾಂಜ್ರಾ ನದಿಯನ್ನು ಇದರೊಡನೆ ಹೊಂದಿಸಹೊರಡುವವರಿಗೆ ಒಂದು ಮಾತು: ಧ್ವನಿಸಾಮ್ಯ ಮಾತ್ರದಿಂದ ವ್ಯುತ್ಪತ್ತಿಯು ಸಿದ್ಧವಾಗದು.) ಇದು ಇರುಳಿನಲ್ಲಿ ಸಂಚರಿಸಿ ಹಗಲು ಪೊಟರೆಯಲ್ಲಡಗುವುದು. ಇಲ್ಲಿ ಹೆಸರು ನಿಜವಾದರೂ ಸಾಲದು. ಏಕೆಂದರೆ ಒಣನೆಲದ ಘೋರವಿಷದ ಗರಗಸ ಮಂಡಲಕ್ಕೂ ಕಣ್ಣಾಲಿಯು ನೆಟ್ಟಗೇ ಸೀಳಿದೆ, ಬೆನ್ನ ಮೇಲಿನ ಚಿತ್ತಾರವೂ ಸುಮಾರಾಗಿ ಹೋಲುತ್ತದೆ. ಬೆಕ್ಕುಕಣ್ಣಿನ ಹಾವಿಗೆ ತೆಳುವಾದ ನೀಳ ಮೈ, ಉದ್ದನೆಯ ಬಾಲ, ನೆತ್ತಿಯ ಮೇಲೆ ಅಗಲವಾದ ಫಲಕಗಳು. ಮಂಡಲದ್ದು ಮೋಟು ಬಾಲ, ನೆತ್ತಿಯ ತುಂಬ ಸಣ್ಣ ಹುರುಪೆ. ಸುರುಳಿಯಾಗಿ ಮೈಯುಜ್ಜಿ ಗರಗಸದಂತೆ ಸದ್ದು ಮಾಡುವುದು. ನೆತ್ತಿಯನ್ನು ಪರೀಕ್ಷಿಸುವಷ್ಟು ಹತ್ತಿರ ಹೋಗತಕ್ಕುದಲ್ಲ. ದೂರದಿಂದ ಛಾಯಾಚಿತ್ರವನ್ನು ತೆಗೆದು, ಆಮೇಲೆ ನೋಡಿ ತೀರ್ಮಾನಿಸುವುದು ಯುಕ್ತವು. ಚಿತ್ರದೊಡನೆ ಆ ಊರಿನವರು ಹೇಳಿದ ಹೆಸರನ್ನೂ, ಹೇಳಿದವರ ಭಾಷೆಯನ್ನೂ ಬರೆದಿಡತಕ್ಕುದು.